ಕೂದಲು ಕಸಿಗೆ ಸಾಲ: ಸಹಿ ಹಾಕುವ ಮೊದಲು

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ನಮ್ಮ ಸಂಘಗಳಲ್ಲಿ ಮಗನ ತಲೆಕೂದಲಿಗಾಗಿ ಸಾಲ ಕೇಳುವ ತಾಯಂದಿರಿದ್ದಾರೆ. ನಗುವ ವಿಷಯವಲ್ಲ; ಹೆಣ್ಣು ನೋಡಲು ಹೋದಲ್ಲೆಲ್ಲ ಬೋಳುತಲೆಯ ಮಾತು ಬಂದರೆ ಹುಡುಗನಿಗೆ ನೋವಾಗುತ್ತದೆ. ಆದರೂ ಬೀಡಿ ಕಟ್ಟಿ ಕೂಡಿಸಿದ ದುಡ್ಡು, ಲೆಕ್ಕ ಹಾಕೋಣ.

ಕಸಿ ಎಂದರೆ ಹಿಂತಲೆಯ ಕೂದಲನ್ನು ಬೇರುಸಹಿತ ತೆಗೆದು ಮುಂದೆ ನೆಡುವುದು. ಪೂರ್ತಿ ಫಲ ಕಾಣಲು ಸುಮಾರು ಒಂದು ವರ್ಷ ಬೇಕು. ಉಳಿದ ಹಳೆ ಕೂದಲು ಉದುರುತ್ತಲೇ ಇರಬಹುದು, ಔಷಧಿಯ ಖರ್ಚೂ ಮುಂದುವರಿಯಬಹುದು. ಚಂದಕ್ಕಾಗಿ ಮಾಡಿಸುವುದಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ.

60,000 ರೂಪಾಯಿ ಸಾಲ, 24 ತಿಂಗಳು, ಶೇಕಡಾ 12 ಬಡ್ಡಿ ಅಂತ ಇಟ್ಟುಕೊಳ್ಳಿ. ಉಳಿದ ಬಾಕಿಗೆ ಮಾತ್ರ ಹಾಕಿದರೆ ಬಡ್ಡಿ ಸುಮಾರು 7,800. ಕೊನೆವರೆಗೂ ಪೂರ್ತಿ ಅಸಲಿನ ಮೇಲೇ ಹಾಕಿದರೆ 14,400! "ತಿಂಗಳಿಗೆ ಇಷ್ಟೇ" ಅಂದಾಗ ಯಾವ ಲೆಕ್ಕ ಅಂತ ಕೇಳಿ. "ದನ ಸಾಕಲು" ಎಂದು ಅರ್ಜಿ ಬರೆದು ಇದಕ್ಕೆ ಸಾಲ ತೆಗೆಯಬೇಡಿ. ಇದ್ದದ್ದು ಬರೆಯಿರಿ, ಸಂಘ ತೀರ್ಮಾನಿಸಲಿ.

ಅಗ್ಗವೆಂದು ಪಾರ್ಲರ್‌ಗೆ ಹೋಗುವುದು ಬೇಡ. ತರಬೇತಿ ಪಡೆದ ನೋಂದಾಯಿತ ವೈದ್ಯರೇ ಇದನ್ನು ಮಾಡಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮೊದಲು ಚರ್ಮರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್, ರಕ್ತಹೀನತೆ ಅಥವಾ ದೊಡ್ಡ ಜ್ವರದಿಂದ ಉದುರಿದ್ದಾದರೆ ಕಸಿಯೇ ಬೇಕಾಗಲಿಕ್ಕಿಲ್ಲ.