ಮರಳಿ ಬಾರದ ವಿಮಾನ

ಬೆಂಗಳೂರಿನ ತಿಲಕ್ ನಗರದಿಂದ ದಕ್ಷಿಣಕ್ಕೆ ಕೆಲವು ಕಿಲೋಮೀಟರ್ ಸಾಗಿದರೆ ಬೇಗೂರು ಸಿಗುತ್ತದೆ. ಅಲ್ಲಿನ ನಾಗೇಶ್ವರ ದೇವಾಲಯದಲ್ಲಿ ಸಾವಿರಕ್ಕೂ ಹೆಚ್ಚು ವರ್ಷಗಳಷ್ಟು ಹಳೆಯದಾದ ವೀರಗಲ್ಲೊಂದಿದೆ. ‘ಬೆಂಗಳೂರು ಕಾಳಗ’ದಲ್ಲಿ ಮಡಿದವನೊಬ್ಬನ ಹೆಸರು ಅದರಲ್ಲಿ ಕೊರೆಯಲ್ಪಟ್ಟಿದೆ. ಕನ್ನಡ ನಾಡಿನ ಊರೂರುಗಳಲ್ಲಿ ಇಂತಹ ಕಲ್ಲುಗಳು ನಿಂತಿವೆ. ಹೋರಾಡಿದವನು ಯಾರು, ಯಾವ ಕಾಳಗದಲ್ಲಿ ಬಿದ್ದನು ಎಂಬುದನ್ನು ಕಂಡವರು ಹೇಳಿದರು, ಕಲ್ಲುಕುಟಿಗನು ಬರೆದನು. ಆದರೆ ಕಂಡವರೇ ಇಲ್ಲದಿದ್ದರೆ? ವೀರನು ಬಿದ್ದುದು ಶತ್ರುದೇಶದ ಆಕಾಶದಲ್ಲಾದರೆ ಅವನ ಕಥೆಯನ್ನು ಹೇಳುವವರಾರು? ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯನವರ ಚರಿತ್ರೆ ಈ ಪ್ರಶ್ನೆಗೆ ಉತ್ತರವಾಗಿದೆ.

ದೇವಯ್ಯನವರು 1932ರ ಡಿಸೆಂಬರ್ 24ರಂದು ಜನಿಸಿದರು. ಕೊಡವರಲ್ಲಿ ಮನೆತನದ ಹೆಸರೇ ಮೊದಲು ಬರುತ್ತದೆ; ವ್ಯಕ್ತಿಯ ಹೆಸರು ಕೊನೆಗೆ. ‘ಅಜ್ಜಮಾಡ’ ಎಂಬುದು ಅವರ ಒಕ್ಕದ ಹೆಸರು. ಕೈಲ್ ಮುಹೂರ್ತದಂದು ಆಯುಧಗಳನ್ನು ಪೂಜಿಸುವ ನಾಡಿನಲ್ಲಿ ಬೆಳೆದ ಅವರು 1954ರಲ್ಲಿ ಭಾರತೀಯ ವಾಯುಪಡೆಯನ್ನು ಸೇರಿದರು. ನುರಿತ ಚಾಲಕರೆನಿಸಿ, ತರುಣರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಶಿಕ್ಷಕರಾದರು. 1965ರಲ್ಲಿ ಯುದ್ಧ ಬಂದಾಗ ಅವರು ವಾಯುಪಡೆಯ ಒಂದನೆಯ ಸ್ಕ್ವಾಡ್ರನ್ನಿನಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು. ಆ ದಳದ ನಾಯಕರು ವಿಂಗ್ ಕಮಾಂಡರ್ ಓ. ಪಿ. ತನೇಜಾ.

ಅದು ಸೆಪ್ಟೆಂಬರ್ 7ರ ಬೆಳಗಿನ ಜಾವ. ಪಂಜಾಬಿನ ಆದಂಪುರ ನೆಲೆಯಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯತ್ತ ಹೊರಡಬೇಕಾಗಿತ್ತು. ದೇವಯ್ಯನವರ ಹೆಸರು ಕಾದಿರಿಸಿದವರ ಪಟ್ಟಿಯಲ್ಲಿತ್ತು; ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ವಿಮಾನವೊಂದು ಹಿಂದುಳಿಯಿತು; ಆ ಸ್ಥಾನಕ್ಕೆ ದೇವಯ್ಯನವರು ಹೋದರು. ದಾಳಿ ಮುಗಿಯಿತು, ಸಂಗಡಿಗರು ಮರಳಿದರು, ದೇವಯ್ಯನವರು ಮಾತ್ರ ಮರಳಲಿಲ್ಲ. ಅವರಿಗೆ ಏನಾಯಿತೆಂಬುದನ್ನು ಜೊತೆಯವರಲ್ಲಿ ಯಾರೂ ಕಂಡಿರಲಿಲ್ಲ.

ಯುದ್ಧವಿಮಾನದ ಚಾಲಕನ ಸೇವೆಯ ವಿವರ ಹಲವು ಕಡೆ ದಾಖಲಾಗುತ್ತದೆ. ಅವನು ತನ್ನ ಹಾರಾಟದ ಪುಸ್ತಕದಲ್ಲಿ ಪ್ರತಿಯೊಂದು ಹಾರಾಟದ ದಿನಾಂಕ, ವಿಮಾನ, ಉದ್ದೇಶ, ಅವಧಿ ಇವುಗಳನ್ನು ಬರೆದಿಡುತ್ತಾನೆ. ದಳದ ದಿನಚರಿಯಲ್ಲಿ ಯಾರು ಎಲ್ಲಿಗೆ ಹೊರಟರು, ಯಾರು ಹಿಂದಿರುಗಿದರು ಎಂಬುದಿರುತ್ತದೆ. ಹಿಂದಿರುಗಿದವರು ತಾವು ಕಂಡುದನ್ನು ಮೇಲಧಿಕಾರಿಗಳಿಗೆ ವರದಿ ಮಾಡುತ್ತಾರೆ. ಮರಳದವನ ವಿಷಯದಲ್ಲಿ ಮಾತ್ರ ಈ ಎಲ್ಲ ಪುಟಗಳೂ ಒಂದೇ ಗಳಿಗೆಯಲ್ಲಿ ಖಾಲಿಯಾಗುತ್ತವೆ. ದೇವಯ್ಯನವರು ಮೊದಲು ‘ಕಾಣೆಯಾದವರು’ ಎಂದೂ ಆಮೇಲೆ ಮೃತರೆಂದೂ ದಾಖಲಾದರು. ಅವರ ಪತ್ನಿಗೆ, ಬಂಧುಗಳಿಗೆ ದೊರೆತುದು ಅಷ್ಟೇ. ಸತ್ತರೆಂದು ಅಳುವುದಕ್ಕೂ ಬರುವರೆಂದು ಕಾಯುವುದಕ್ಕೂ ನಡುವೆ ನಿಲ್ಲಿಸುವ ಕ್ರೂರವಾದ ಮಾತು ‘ಕಾಣೆ’ ಎಂಬುದು.

ಹದಿನಾಲ್ಕು ವರ್ಷಗಳು ಕಳೆದುವು. 1979ರಲ್ಲಿ ಜಾನ್ ಫ್ರಿಕರ್ ಎಂಬ ಆಂಗ್ಲ ಲೇಖಕರು ಆ ಯುದ್ಧದಲ್ಲಿ ಪಾಕಿಸ್ತಾನದ ವಾಯುಪಡೆ ನಡೆಸಿದ ಹೋರಾಟವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದರು. ಸರ್ಗೋಧಾ ದಾಳಿಯ ದಿನ ಅಮ್ಜದ್ ಹುಸೇನ್ ಎಂಬ ಪಾಕಿಸ್ತಾನಿ ಚಾಲಕನು ಹಾರಿಸುತ್ತಿದ್ದ ಸ್ಟಾರ್‌ಫೈಟರ್ ವಿಮಾನವು ಒಂದು ಭಾರತೀಯ ಮಿಸ್ಟೇರಿನೊಡನೆ ಕಾದಾಡಿ ಉರುಳಿತೆಂದು ಅದರಲ್ಲಿತ್ತು. ಆ ಚಾಲಕನು ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡಿದ್ದನು.

ಪುಸ್ತಕದ ಈ ಮಾತು ತನೇಜಾ ಅವರ ಗಮನಕ್ಕೆ ಬಂದಿತು. ಅಂದು ಮರಳಿದ ಚಾಲಕರಲ್ಲಿ ಯಾರೊಬ್ಬರೂ ಸ್ಟಾರ್‌ಫೈಟರನ್ನು ಕೆಡವಿದೆನೆಂದು ಹೇಳಿರಲಿಲ್ಲ. ಹಾಗಾದರೆ ಅದನ್ನು ಕೆಡವಿದವರು ಮರಳದಿದ್ದ ಒಬ್ಬರೇ ಆಗಿರಬೇಕು. ಭಾರತದ ದಿನಚರಿಯಲ್ಲಿ ಅರ್ಧ, ಎದುರಾಳಿಯ ನೆನಪಿನಲ್ಲಿ ಅರ್ಧ ಉಳಿದಿದ್ದ ಕಥೆ ಹೀಗೆ ಕೂಡಿಕೊಂಡಿತು. ತನೇಜಾ ಅವರು ಸುಮ್ಮನೆ ಕೂರಲಿಲ್ಲ. ತಮ್ಮ ದಳದ ವೀರನಿಗೆ ಸಲ್ಲಬೇಕಾದುದು ಸಲ್ಲಲಿ ಎಂದು ವಾಯುಪಡೆಯ ಮುಖ್ಯ ಕಚೇರಿಗೆ ಬರೆದರು.

ದೇವಯ್ಯನವರು ಸಾಧಿಸಿದುದು ಅಲ್ಪವೇನಲ್ಲ. ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲದು. ಫ್ರಾನ್ಸಿನ ಮಿಸ್ಟೇರ್ ಸಮತಲದಲ್ಲಿ ಹಾರುವಾಗ ಶಬ್ದದ ವೇಗವನ್ನೂ ಮುಟ್ಟಲಾರದು. ಅಂತಹ ಶತ್ರುವನ್ನು ಓಡಿ ತಪ್ಪಿಸಿಕೊಳ್ಳುವಂತಿಲ್ಲ. ಮನೆಯತ್ತ ಮುಖ ಮಾಡಬೇಕಾದ ಹೊತ್ತಿನಲ್ಲಿ, ಪೆಟ್ಟು ತಿಂದ ವಿಮಾನದಲ್ಲಿ ಕುಳಿತು, ಅವರು ತಿರುಗಿ ನಿಂತು ಹೋರಾಡಿದರು.

1988ರಲ್ಲಿ, ಮಡಿದ ಇಪ್ಪತ್ತಮೂರು ವರ್ಷಗಳ ಅನಂತರ, ದೇವಯ್ಯನವರಿಗೆ ಮಹಾವೀರ ಚಕ್ರವನ್ನು ಘೋಷಿಸಲಾಯಿತು. ಅವರ ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯ ಒಂದು ವೃತ್ತ ಇಂದು ಅವರ ಹೆಸರನ್ನು ಹೊತ್ತಿದೆ.

ಬೇಗೂರಿನ ಕಲ್ಲನ್ನು ನಿಲ್ಲಿಸಿದವರು ವೀರನ ಕಡೆಯವರು. ದೇವಯ್ಯನವರ ವೀರಗಲ್ಲಿಗೆ ಮೊದಲ ಅಕ್ಷರ ದೊರೆತುದು ಎದುರಾಳಿಯ ಬಾಯಿಂದ. ಹಗೆಯ ಕಡೆಯಿಂದ ಬಂದರೂ ನಿಜವು ನಿಜವೇ. ಅದನ್ನು ಗುರುತಿಸುವ ಕಣ್ಣು, ಗುರುತಿಸಿದ ಮೇಲೆ ಬಿಡದೆ ಹಿಂಬಾಲಿಸುವ ಮನಸ್ಸು ಬೇಕು. ಮಡಿದವರು ತಮ್ಮ ಕೆಲಸವನ್ನು ಮುಗಿಸಿ ಹೋಗಿರುತ್ತಾರೆ. ಅದನ್ನು ಅರಿಯುವ ಕೆಲಸ ಉಳಿದವರದು.

ಅಭ್ಯಾಸ

1. ದೇವಯ್ಯನವರಿಗೆ ಸರ್ಗೋಧಾ ದಾಳಿಯಲ್ಲಿ ಅವಕಾಶ ದೊರೆತುದು ಹೇಗೆ?
2. ಸ್ಟಾರ್‌ಫೈಟರನ್ನು ಕೆಡವಿದವರು ದೇವಯ್ಯನವರೇ ಎಂಬ ನಿರ್ಣಯಕ್ಕೆ ಆಧಾರಗಳೇನು?
3. ‘ಕಾಣೆ’ ಎಂಬುದನ್ನು ಕ್ರೂರವಾದ ಮಾತು ಎಂದಿರುವುದೇಕೆ?
4. ನಿಮ್ಮ ಊರಿನಲ್ಲಿ ವೀರಗಲ್ಲು ಇದ್ದರೆ ಅದನ್ನು ನೋಡಿ, ಹಿರಿಯರಿಂದ ತಿಳಿದು, ಒಂದು ಪುಟದಷ್ಟು ಬರೆಯಿರಿ.