ರೂಟ್ ಕೀಲಿಕೈ ಎಲ್ಲರಿಗೂ ಯಾಕ್ರಿ? ಸುಡೂ ಕಲಿಯೋಣ

ಹಾನಗಲ್ಲಿನ ಹಳೆಯ ಹೆಸರು ಪಾನುಂಗಲ್. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿನ ಕದಂಬರು ಮಹಾಮಂಡಲೇಶ್ವರರಾಗಿ ಪಾನುಂಗಲ್ 500, ಬನವಾಸಿ 12000 ನಾಡುಗಳನ್ನು ಆಳಿದರು. ಮೇಲಿನ ಅಧಿಕಾರ ಚಕ್ರವರ್ತಿಯದು, ಇವರಿಗೆ ಗೊತ್ತು ಮಾಡಿದ ನಾಡು. ಯುನಿಕ್ಸ್‌ನಲ್ಲಿ ಹೀಗೆ ಅಧಿಕಾರ ಹಂಚಿಕೊಡುವ ಸಾಧನವೇ ಸುಡೂ. ಕನ್ನಡದ ‘ಸುಡು’ ಅಲ್ಲ, ಆದರೆ ಸರಿಯಾಗಿ ಹಿಡಿಯದಿದ್ದರೆ ಕೈ ಸುಡೋದು ಖರೆ!

ಯುನಿಕ್ಸ್‌ನ ಚಕ್ರವರ್ತಿ ರೂಟ್. ಅವನ ಬಳಕೆದಾರ ಸಂಖ್ಯೆ 0. ಸಾಮಾನ್ಯ ಫೈಲ್ ಅನುಮತಿಗಳು ಅವನನ್ನು ತಡೆಯುವುದಿಲ್ಲ. ಒಂದು ಲ್ಯಾಬ್‌ನಲ್ಲಿ ಪ್ರಿಂಟರ್ ನಿಂತಾಗಲೆಲ್ಲ ಮುದ್ರಣ ಸೇವೆಯನ್ನು ಮತ್ತೆ ಶುರು ಮಾಡಬೇಕು ಅಂತ ಇಟ್ಕೊಳ್ಳಿ. ಅಷ್ಟಕ್ಕಾಗಿ ಆರು ವಿದ್ಯಾರ್ಥಿಗಳಿಗೆ ರೂಟ್ ಪಾಸ್‌ವರ್ಡ್ ಕೊಟ್ಟರೆ? ನಾಳೆ ಯಾರದೋ ಪ್ರಾಜೆಕ್ಟ್ ಅಳಿಸಿಹೋದಾಗ ಮಾಡಿದವರು ಯಾರೆಂದು ಹೇಳೋದು ಕಷ್ಟ. ಆರೂ ಜನರ ಮೇಲೆ ಅನುಮಾನ.

1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಸುಡೂ ಬರೆದರು. ಇದರಲ್ಲಿ ಬಳಕೆದಾರ ತನ್ನದೇ ಪಾಸ್‌ವರ್ಡ್ ಕೊಡುತ್ತಾನೆ. ಯಾರು, ಯಾವಾಗ, ಯಾವ ಆಜ್ಞೆ ಓಡಿಸಿದರು ಎಂಬುದು ಲಾಗ್‌ನಲ್ಲಿ ದಾಖಲಾಗುತ್ತದೆ. ತಪ್ಪು ಮಾಡದವನಿಗೂ ಈ ಲಾಗ್ ರಕ್ಷಣೆ.

ನಿಯಮಗಳು ಇರುವುದು ಸುಡೂಅರ್ಸ್ ಫೈಲ್‌ನಲ್ಲಿ. ಒಂದು ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದರೆ ಹೀಗಿರುತ್ತದೆ:

%ಲ್ಯಾಬ್ ಆಲ್ = (ರೂಟ್) /ಯುಎಸ್‌ಆರ್/ಬಿನ್/ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಕಪ್ಸ್

ಓದುವ ಕ್ರಮ: ಯಾರು (% ಅಂದ್ರೆ ಗುಂಪು), ಯಾವ ಯಂತ್ರದಲ್ಲಿ, ಯಾರ ಹೆಸರಿನಲ್ಲಿ, ಯಾವ ಆಜ್ಞೆ. ಆಜ್ಞೆಯ ಪೂರ್ತಿ ದಾರಿ ಬರೆಯಬೇಕು. ಈ ಫೈಲನ್ನು ವಿಸುಡೂ ಮೂಲಕವೇ ತಿದ್ದಿ. ವ್ಯಾಕರಣ ತಪ್ಪಿದ್ದರೆ ಉಳಿಸುವ ಮೊದಲೇ ಅದು ಎಚ್ಚರಿಸುತ್ತದೆ.

ಎರಡು ಕಡೆ ಹುಷಾರಾಗಿರಿ.

ಒಂದು, ‘ರೀಸ್ಟಾರ್ಟ್ ಕಪ್ಸ್’ ಬಿಟ್ಟು ಸಿಸ್ಟಮ್‌ಸಿಟಿಎಲ್ ಅಂತಷ್ಟೇ ಬರೆದರೆ ಅದರ ಎಲ್ಲ ಉಪಆಜ್ಞೆಗಳಿಗೂ ಅನುಮತಿ ಸಿಕ್ಕಂತೆ. ಯಾವ ಸೇವೆಯನ್ನಾದರೂ ನಿಲ್ಲಿಸಬಹುದು, ಯಂತ್ರವನ್ನೇ ಆರಿಸಬಹುದು.

ಎರಡು, ‘ಒಂದೇ ಫೈಲ್ ತಿದ್ದಲಿ’ ಅಂತ ವಿಐ ಸಂಪಾದಕವನ್ನು ಸುಡೂನಲ್ಲಿ ಕೊಡಬೇಡಿ. ವಿಐ ಒಳಗಿಂದ ಶೆಲ್ ತೆರೆಯಬಹುದು, ಆ ಶೆಲ್ ರೂಟ್‌ನದೇ ಆಗಿರುತ್ತದೆ. ಇದಕ್ಕಾಗಿ ಸುಡೂಎಡಿಟ್ ಇದೆ. ಅದು ಫೈಲಿನ ಪ್ರತಿಯನ್ನು ಬಳಕೆದಾರನ ಅಧಿಕಾರದಲ್ಲೇ ತೆರೆದು, ತಿದ್ದಿದ ಮೇಲೆ ಮೂಲಕ್ಕೆ ಸೇರಿಸುತ್ತದೆ. ಯಾವುದೇ ಪ್ರೋಗ್ರಾಂ ಕೊಡುವ ಮುನ್ನ ಅದರೊಳಗಿಂದ ಬೇರೆ ಆಜ್ಞೆ ಓಡಿಸಬಹುದಾ ಅಂತ ನೋಡ್ರಿ.

ಸುಡೂನಲ್ಲೇ ದೋಷ ಇದ್ದರೆ? 2011ರಿಂದ ಅಡಗಿದ್ದ ಒಂದು ದೋಷ 2021ರ ಜನವರಿಯಲ್ಲಿ ಬಯಲಾಯಿತು. ಸುಡೂ ಅನುಮತಿಯೇ ಇಲ್ಲದ ಬಳಕೆದಾರನೂ ಅದರಿಂದ ರೂಟ್ ಆಗಬಹುದಿತ್ತು. ಅದಕ್ಕೇ ಅಪ್‌ಡೇಟ್ ಮುಂದೂಡಬೇಡಿ.

ಈಗ ನಿಮ್ಮ ಉಬುಂಟು ಲ್ಯಾಪ್‌ಟಾಪ್‌ನಲ್ಲಿ ‘ಸುಡೂ -ಎಲ್’ ಓಡಿಸಿ. ಇನ್‌ಸ್ಟಾಲ್ ಮಾಡಿದ ಖಾತೆಗೆ ‘ಆಲ್’ ಅನುಮತಿ ಇರುವುದು ಕಾಣುತ್ತದೆ. ಇನ್ನೊಂದು ಖಾತೆ ಮಾಡಿ, ಮೇಲಿನಂಥ ಒಂದೇ ಸಾಲು ಬರೆದು ಪ್ರಯತ್ನಿಸಿ. ಉಳಿದ ಆಜ್ಞೆಗಳನ್ನು ಸುಡೂ ಹೇಗೆ ನಿರಾಕರಿಸುತ್ತದೆ ಅಂತ ನೀವೇ ನೋಡಿ.