ಯಾರದು ಮೊದಲು, ಯಾವುದು ಉಳಿಯಬೇಕು

ಸ್ಮಾರ್ಟ್ ಕಾಂಟ್ರಾಕ್ಟುಗಳನ್ನು ಓದಿ ದೋಷ ಹುಡುಕುವುದು ನನ್ನ ಕೆಲಸ. ಮನೆ ಹಲಸೂರಿನಲ್ಲಿ, ಕಚೇರಿ ಇಂದಿರಾನಗರದಲ್ಲಿ. ಬೇರೆಯವರು ಬರೆದ ಕೋಡು ಬ್ಲಾಕ್‌ಚೈನಿಗೆ ಏರುವ ಮುನ್ನ ನನ್ನ ಕೈಗೆ ಬರುತ್ತದೆ. ಏರಿದ ಮೇಲೆ ತಿದ್ದುವುದು ಕಷ್ಟ, ಎಷ್ಟೋ ಸಲ ಆಗದ ಮಾತು. ಅದರೊಳಗೆ ಇರುವುದು ಜನರ ಹಣ. ಹಾಗಾಗಿ ಯಾವ ಕೋಡು ಬಂದರೂ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಇದು ಏನೇನನ್ನು ಬರೆದಿಟ್ಟುಕೊಳ್ಳುತ್ತದೆ? ಇಬ್ಬರು ಒಟ್ಟಿಗೆ ಬಂದರೆ ಯಾರದು ಮೊದಲು ಎಂದು ತೀರ್ಮಾನಿಸುವವರು ಯಾರು? ಈ ಎರಡು ಪ್ರಶ್ನೆಗಳ ಆಳ ನನಗೆ ಕಂಡದ್ದು ಒಂದು ಚೀಟಿ ಹರಾಜಿನ ಕೋಡಿನಲ್ಲಿ.

ಕೆ.ಆರ್. ಪುರದ ಕಡೆಯ ಹುಡುಗರ ಸಣ್ಣ ತಂಡವೊಂದು ಚೀಟಿ ವ್ಯವಹಾರವನ್ನು ಇಥೀರಿಯಂ ಎಂಬ ಬ್ಲಾಕ್‌ಚೈನಿನ ಮೇಲೆ ನಡೆಸಿ ನೋಡಲು ಹೊರಟಿತ್ತು. 1982ರ ಚಿಟ್ ಫಂಡ್ ಕಾಯ್ದೆಯ ಪ್ರಕಾರ ಮುಂಚಿತ ಮಂಜೂರಾತಿ, ನೋಂದಣಿ ಇಲ್ಲದೆ ಚೀಟಿ ನಡೆಸುವಂತಿಲ್ಲ. ಆದ್ದರಿಂದ ಅದರಲ್ಲಿ ನಿಜವಾದ ಹಣ ಇರಲಿಲ್ಲ. ಸೆಪೋಲಿಯಾ ಎಂಬ ಪರೀಕ್ಷಾ ಜಾಲದಲ್ಲಿ ಬೆಲೆಯಿಲ್ಲದ ಟೋಕನ್ ಇಟ್ಟು ಮಾಡಿದ ಪ್ರಯೋಗ ಅದು.

ಚೀಟಿಯ ಲೆಕ್ಕ ನಮ್ಮಲ್ಲಿ ಬಹುಪಾಲು ಮನೆಗಳಿಗೆ ಗೊತ್ತು. 20 ಜನ ತಿಂಗಳಿಗೆ 5,000 ರೂಪಾಯಿಯಂತೆ ಹಾಕಿದರೆ 1 ಲಕ್ಷ. ದುಡ್ಡಿನ ತುರ್ತಿರುವವರು ಕೂಗುತ್ತಾರೆ. 22,000 ಬಿಡುತ್ತೇನೆ ಎಂದು ಕೂಗಿ ಗೆದ್ದವರ ಕೈಗೆ 78,000 ಬರುತ್ತದೆ. ಬಿಟ್ಟ ಹಣದಲ್ಲಿ ನಡೆಸುವವರ ಕಮಿಷನ್ 5,000 ಕಳೆದರೆ 17,000 ಉಳಿಯುತ್ತದೆ, ತಲಾ 850ರಂತೆ ಎಲ್ಲರಿಗೂ ಹಂಚಿಕೆಯಾಗುತ್ತದೆ. ಇಷ್ಟು ಸರಳವಾದ ವ್ಯವಹಾರ ಕೋಡಿಗೆ ಇಳಿದಾಗ ಎದ್ದ ಪ್ರಶ್ನೆಗಳು ಸರಳವಾಗಿರಲಿಲ್ಲ.

ಬರೆದಿಡುವುದರ ಭಾರ

ಮೊದಲ ಕರಡಿನಲ್ಲಿ ಸದಸ್ಯರ ಹೆಸರು, ಊರು, ಫೋನ್ ನಂಬರು ಎಲ್ಲವೂ ಕಾಂಟ್ರಾಕ್ಟಿನ ಒಳಗೇ ಇದ್ದವು. ‘ಪ್ರೈವೇಟ್’ ಎಂದು ಗುರುತು ಹಾಕಿದ್ದರಿಂದ ಅವು ಗುಟ್ಟಾಗಿರುತ್ತವೆ ಎಂದು ತಂಡ ನಂಬಿತ್ತು. ಆ ಗುರುತು ತಡೆಯುವುದು ಬೇರೆ ಕಾಂಟ್ರಾಕ್ಟುಗಳನ್ನು ಮಾತ್ರ. ಜಾಲವನ್ನು ನಡೆಸುವ ಕಂಪ್ಯೂಟರುಗಳಾದ ನೋಡ್‌ಗಳಲ್ಲಿ ಯಾವುದರಿಂದ ಬೇಕಾದರೂ ಯಾರು ಬೇಕಾದರೂ ಅವನ್ನು ಬರೆದಿಟ್ಟ ಮನೆಯನ್ನು, ಅಂದರೆ ಸ್ಲಾಟನ್ನು, ನೇರವಾಗಿ ಓದಬಹುದು. ಸದಸ್ಯರು ಚೀಟಿ ಬಿಟ್ಟ ಮೇಲೆ ವಿವರ ಅಳಿಸುತ್ತೇವೆ ಎಂಬ ಮಾತೂ ನಿಲ್ಲುವುದಿಲ್ಲ. ಸ್ಲಾಟನ್ನು ಸೊನ್ನೆ ಮಾಡಿದರೆ ಇವತ್ತಿನ ಸ್ಥಿತಿಯಿಂದ ಹೆಸರು ಹೋಗುತ್ತದೆ, ಅದನ್ನು ಬರೆದ ಹಳೆಯ ವ್ಯವಹಾರ ಹಳೆಯ ಬ್ಲಾಕಿನಲ್ಲಿ ಹಾಗೇ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಮ್ಮ ವಿವರ ಅಳಿಸಿ ಎಂದು ಕೇಳುವ ಹಕ್ಕನ್ನು ಜನರಿಗೆ ಕೊಟ್ಟಿದೆ. ಅಳಿಸಲಾಗದ ಜಾಗದಲ್ಲಿ ಇನ್ನೊಬ್ಬರ ಫೋನ್ ನಂಬರು ಬರೆಯುವವರು ಈ ಹಕ್ಕಿಗೆ ಏನು ಉತ್ತರ ಕೊಡುತ್ತಾರೆ?

ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ. ಇಥೀರಿಯಂನ ಸ್ಟೋರೇಜ್ ಎಂದರೆ 32 ಬೈಟ್‌ಗಳ ಸ್ಲಾಟ್‌ಗಳು. ಖಾಲಿ ಸ್ಲಾಟಿಗೆ ಮೊದಲ ಸಲ ಬರೆಯಲು 22,100 ಗ್ಯಾಸ್ (ಜಾಲದಲ್ಲಿ ಕೆಲಸದ ಖರ್ಚು ಅಳೆಯುವ ಮಾನ), ಇದ್ದದ್ದನ್ನು ಬದಲಿಸಲು 5,000. ಒಬ್ಬರಿಂದ ಇನ್ನೊಬ್ಬರಿಗೆ ಇಥೀರಿಯಂನ ನಾಣ್ಯವಾದ ಈಥರ್ ಕಳಿಸುವುದಕ್ಕೆ 21,000 ಸಾಕು. ಒಂದು ಸಣ್ಣ ಬರಹ ಇಷ್ಟು ದುಬಾರಿಯಾಗಲು ಕಾರಣವಿದೆ. ಜಾಲದ ಪೂರ್ಣ ನೋಡ್‌ಗಳೆಲ್ಲ ಅದನ್ನು ಹೊತ್ತುಕೊಂಡಿರಬೇಕು. ಕನ್ನಡದಲ್ಲಿ ಬರೆದರೆ ಭಾರ ಇನ್ನೂ ಹೆಚ್ಚು, ಏಕೆಂದರೆ ಕನ್ನಡದ ಪ್ರತಿ ಯೂನಿಕೋಡ್ ಚಿಹ್ನೆಗೂ 3 ಬೈಟ್ ಬೇಕು. ‘ಶಿವಾಜಿನಗರ’ 27 ಬೈಟ್, ಒಂದು ಸ್ಲಾಟಿನಲ್ಲಿ ಹಿಡಿಯುತ್ತದೆ. ‘ಕೃಷ್ಣರಾಜಪುರ’ 33 ಬೈಟ್. 31 ದಾಟಿದ ಪದಕ್ಕೆ ಉದ್ದ ಬರೆಯಲು ಒಂದು ಸ್ಲಾಟು, ಅಕ್ಷರಗಳಿಗೆ ಎರಡು, ಒಟ್ಟು ಮೂರು ಬೇಕಾಗುತ್ತದೆ. ನಮ್ಮ ಹೆಸರುಗಳು ನಮ್ಮ ಲಿಪಿಯಲ್ಲಿ ಇರಲೇಬೇಕು, ಆದರೆ ಅವು ಇರಬೇಕಾದದ್ದು ತಿದ್ದಲು, ಅಳಿಸಲು ಬರುವ ಸಾಮಾನ್ಯ ಡೇಟಾಬೇಸಿನಲ್ಲಿ. ಕಾಂಟ್ರಾಕ್ಟಿಗೆ ಬೇಕಾದದ್ದು ಸದಸ್ಯರ ಖಾತೆಯ ವಿಳಾಸ, ಅವರು ಕಂತು ಕಟ್ಟಿದ್ದಾರೆಯೇ, ಚೀಟಿ ಎತ್ತಿದ್ದಾರೆಯೇ ಎಂಬುದು, ಅಷ್ಟೇ. ನಾನು ಪಾಲಿಸುವ ನಿಯಮ ಇಷ್ಟು: ಕಾಂಟ್ರಾಕ್ಟು ಮುಂದೊಂದು ದಿನ ಯಾವುದನ್ನು ಓದಿ ತೀರ್ಮಾನ ಮಾಡಬೇಕೋ ಅದನ್ನು ಮಾತ್ರ ಸ್ಟೋರೇಜಿನಲ್ಲಿ ಇಡಬೇಕು. ಜನ ನೋಡಲೆಂದು ಇರುವ ಹರಾಜಿನ ಇತಿಹಾಸವನ್ನು ಸ್ಟೋರೇಜಿನ ಹೊರಗಿನ ಲಾಗ್‌ಗಳಲ್ಲಿ ಹೊರಡಿಸಿದರೆ ಸಾಕು, ಖರ್ಚೂ ತುಂಬ ಕಡಿಮೆ.

ತಲಾ 850 ಹಂಚುವ ಜಾಗದಲ್ಲಿ ಕೋಡು ಸದಸ್ಯರ ಪಟ್ಟಿಯನ್ನು ಒಂದೊಂದಾಗಿ ಸುತ್ತಿ ಹಣ ಕಳಿಸುತ್ತಿತ್ತು. 20 ಜನಕ್ಕೆ ಅದು ನಡೆಯುತ್ತದೆ, ಎರಡು ಸಾವಿರ ಜನಕ್ಕೆ ಬ್ಲಾಕಿನ ಗ್ಯಾಸ್ ಮಿತಿ ಎದುರಾಗುತ್ತದೆ. 2016ರಲ್ಲಿ ಗವರ್ನ್‌ಮೆಂಟಲ್ ಎಂಬ ಕಾಂಟ್ರಾಕ್ಟಿನಲ್ಲಿ ಹೀಗೇ ಆಯಿತು. ಪಟ್ಟಿ ಎಷ್ಟು ಬೆಳೆಯಿತೆಂದರೆ ಅದನ್ನು ಅಳಿಸುವ ಖರ್ಚು ಆಗಿನ ಮಿತಿಯನ್ನೇ ಮೀರಿತು, ಸುಮಾರು 1,100 ಈಥರ್ ಒಳಗೆ ಸಿಕ್ಕಿಕೊಂಡಿತು. ಪಟ್ಟಿಯಲ್ಲಿರುವ ಒಂದೇ ಒಂದು ವಿಳಾಸ ಹಣ ತಿರಸ್ಕರಿಸಿದರೂ ಎಲ್ಲರ ಪಾಲೂ ನಿಲ್ಲುವ ಅಪಾಯ ಬೇರೆ. ನಾವು ತಂದ ಬದಲಾವಣೆ ಚಿಕ್ಕದು. ಇದುವರೆಗೆ ತಲಾ ಎಷ್ಟು ಬಂದಿದೆ ಎಂಬ ಒಂದೇ ಸಂಖ್ಯೆ ಇಟ್ಟೆವು. ಈ ತಿಂಗಳು 850, ಮುಂದಿನ ತಿಂಗಳು 700 ಆದರೆ ಅದು 1,550. ಮೊದಲೇ 850 ತೆಗೆದುಕೊಂಡವರು ಬಂದು ಕೇಳಿದರೆ 700 ಕೊಡುತ್ತದೆ. ಸದಸ್ಯರು ಎಷ್ಟೇ ಇರಲಿ, ಹಂಚಿಕೆಗೆ ತಿದ್ದುವುದು ಒಂದು ಸ್ಲಾಟು. ತಮ್ಮ ಪಾಲನ್ನು ಅವರವರೇ ಬಂದು ತೆಗೆದುಕೊಳ್ಳುತ್ತಾರೆ.

ಬರೆದಿಟ್ಟದ್ದರ ಜಾಗವೂ ಬದಲಾಗಬಾರದು. ಕೋಡನ್ನು ಆಮೇಲೆ ಬದಲಿಸಲು ಪ್ರಾಕ್ಸಿ (ಕರೆಗಳನ್ನು ಹೊಸ ಕೋಡಿಗೆ ದಾಟಿಸುವ ಕಾಂಟ್ರಾಕ್ಟು) ಇಟ್ಟಾಗ ಸ್ಟೋರೇಜ್ ಪ್ರಾಕ್ಸಿಯದು, ನಿಯಮ ಮಾತ್ರ ಹೊಸ ಕೋಡಿನದು. ಎರಡೂ ಒಂದೇ ಸ್ಲಾಟಿಗೆ ಬೇರೆ ಬೇರೆ ಅರ್ಥ ಕೊಟ್ಟರೆ ಅನಾಹುತ. 2022ರ ಜುಲೈನಲ್ಲಿ ಆಡಿಯಸ್ ಎಂಬ ಸಂಗೀತ ವೇದಿಕೆಯಲ್ಲಿ ಇಂಥ ಘರ್ಷಣೆಯಿಂದ ಕಳ್ಳರು ಕಾಂಟ್ರಾಕ್ಟನ್ನು ಮತ್ತೆ ಆರಂಭಿಸಿ, ಅಧಿಕಾರ ಪಡೆದು, 1.8 ಕೋಟಿಗೂ ಹೆಚ್ಚು ಟೋಕನ್ ಒಯ್ದರು. ಅದಕ್ಕೇ ಹೊಸ ಅಂಶ ಸೇರಿಸಬೇಕಾದರೆ ಕೊನೆಯಲ್ಲೇ ಸೇರಿಸಿ ಎಂದು ಪಟ್ಟು ಹಿಡಿಯುತ್ತೇನೆ. ನಡುವೆ ತೂರಿಸಿದರೆ ಮುಂದಿನವರ ಲೆಕ್ಕವೆಲ್ಲ ಒಂದೊಂದು ಮನೆ ಜಾರುತ್ತದೆ.

ಒಳಗಿನ ಸರದಿ, ಹೊರಗಿನ ಸರದಿ

ಸರದಿಯ ವಿಷಯದಲ್ಲಿ ಕಾಂಟ್ರಾಕ್ಟಿನ ಕೈಯಲ್ಲಿರುವುದು ತನ್ನ ಒಳಗಿನ ಸಾಲುಗಳ ಕ್ರಮ ಮಾತ್ರ. ಅದನ್ನಾದರೂ ಬಿಗಿಯಾಗಿ ಇಡಬೇಕು. ಮೊದಲು ಪರೀಕ್ಷೆ, ನಂತರ ಲೆಕ್ಕ ಬರೆಯುವುದು, ಕೊನೆಗೆ ಹಣ ಕೊಡುವುದು. 2016ರ ಜೂನ್‌ನಲ್ಲಿ ‘ದಿ ಡಾವೋ’ ಎಂಬ ಕಾಂಟ್ರಾಕ್ಟಿನಿಂದ ಸುಮಾರು 36 ಲಕ್ಷ ಈಥರ್ ಹರಿದುಹೋದದ್ದು ಈ ಕ್ರಮ ಹಿಂದುಮುಂದಾಗಿ. ಕೋಡು ಹಣ ಕಳಿಸಿದ ಮೇಲೆ ಬಾಕಿ ಕಳೆಯುತ್ತಿತ್ತು. ಹಣ ಪಡೆದವರು ಆ ಸಂದಿಯಲ್ಲಿ ಮತ್ತೆ ಮತ್ತೆ ಒಳಬಂದರು.

ಹೊರಗಿನ ಸರದಿ ಇನ್ನೊಬ್ಬರ ಕೈಯಲ್ಲಿದೆ. ನಾವು ಸಹಿ ಹಾಕಿ ಕಳಿಸಿದ ವ್ಯವಹಾರ ಮೊದಲು ಮೆಂಪೂಲ್ ಎಂಬ ಕಾಯುವ ಜಾಗಕ್ಕೆ ಹೋಗುತ್ತದೆ. ಅಲ್ಲಿ ಅದನ್ನು ಯಾರಾದರೂ ನೋಡಬಹುದು. 12 ಸೆಕೆಂಡಿಗೊಮ್ಮೆ ಬರುವ ಬ್ಲಾಕಿನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಜೋಡಿಸುವುದು ಆ ಬ್ಲಾಕನ್ನು ಕಟ್ಟುವವರು. ಒಂದೇ ಖಾತೆಯ ವ್ಯವಹಾರಗಳು ತಮ್ಮ ಕ್ರಮಸಂಖ್ಯೆಯಂತೆ ನಡೆಯುತ್ತವೆ. ಬೇರೆ ಬೇರೆ ಖಾತೆಗಳ ನಡುವೆ ಬಂದ ಹೊತ್ತಿಗೆ ಯಾವ ಮಾನ್ಯತೆಯೂ ಇಲ್ಲ, ಸಾಮಾನ್ಯವಾಗಿ ಹೆಚ್ಚು ಶುಲ್ಕ ಕೊಟ್ಟವರು ಮುಂದೆ ಹೋಗುತ್ತಾರೆ. ಫಿಲಿಪ್ ಡಯಾನ್ ಮತ್ತು ಸಂಗಡಿಗರು 2019ರಲ್ಲೇ ಈ ಪೈಪೋಟಿಯನ್ನು ಅಳೆದು ತೋರಿಸಿದ್ದರು.

ಇದನ್ನು ಚೀಟಿಗೆ ಹಚ್ಚಿ ನೋಡಿ. ನಿಮ್ಮ ಕೂಗು 22,000 ಎಂದು ಮೆಂಪೂಲಿನಲ್ಲಿ ಕಾಣುತ್ತದೆ. ಬಾಟ್ ಇಟ್ಟ ಸದಸ್ಯರೊಬ್ಬರು ಗಡುವಿನ ಕೊನೆಯ ಬ್ಲಾಕಿನಲ್ಲಿ 22,001 ಎಂದು ಕೂಗಿ ಗೆಲ್ಲುತ್ತಾರೆ. ಎದುರು ಕೂತು ಕೂಗುವ ಹರಾಜಿನಲ್ಲಿ ಒಂದು ಸಲ, ಎರಡು ಸಲ, ಮೂರು ಸಲ ಎಂದು ಹೇಳುವಷ್ಟರಲ್ಲಿ ನಿಮಗೆ ಮತ್ತೆ ಕೂಗಲು ಅವಕಾಶವಿರುತ್ತದೆ. ಕೋಡಿನ ಗಡುವು ಯಾರಿಗೂ ಕಾಯುವುದಿಲ್ಲ.

ಕೊನೆಗೆ ಕೂಗನ್ನು ಮುಚ್ಚಿದೆವು. ಮೊದಲ ಹಂತದಲ್ಲಿ ಎಲ್ಲರೂ ತಮ್ಮ ಮೊತ್ತದ ಹ್ಯಾಶ್ (ಮೊತ್ತದಿಂದ ಹುಟ್ಟುವ, ನೋಡಿದರೆ ಮೊತ್ತ ತಿಳಿಯದ ಸಂಕೇತ) ಮಾತ್ರ ಕಳಿಸಬೇಕು, ಆ ಹಂತ ಮುಗಿದ ಮೇಲೆ ಮೊತ್ತ ಬಿಚ್ಚಬೇಕು. ಇಥೀರಿಯಂನ ಹೆಸರು ನೋಂದಣಿ ವ್ಯವಸ್ಥೆಯಾದ ಇಎನ್‌ಎಸ್ ಕೂಡ ಇದೇ ದಾರಿಯಲ್ಲಿದೆ. ಬಯಸಿದ ಹೆಸರನ್ನು ಹ್ಯಾಶ್ ಮಾಡಿ ಕಳಿಸಿ, ಕನಿಷ್ಠ 60 ಸೆಕೆಂಡು ಕಾದು, ನಂತರ ತೋರಿಸಬೇಕು. ಇದರಲ್ಲಿ ನಾನು ಕಲಿತ ಸೂಕ್ಷ್ಮಗಳು ಮೂರು. ಹ್ಯಾಶ್‌ನಲ್ಲಿ ಮೊತ್ತದ ಜೊತೆ ಊಹಿಸಲಾಗದ ಗುಟ್ಟಿನ ಸಂಖ್ಯೆ ಇರಲೇಬೇಕು. 1 ಲಕ್ಷದೊಳಗಿನ ಎಲ್ಲ ಮೊತ್ತಗಳನ್ನೂ ಕಂಪ್ಯೂಟರು ಕಣ್ಣು ಮಿಟುಕಿಸುವಷ್ಟರಲ್ಲಿ ಹ್ಯಾಶ್ ಮಾಡಿ ಹೋಲಿಸಬಲ್ಲದು. ಕೂಗಿದವರ ವಿಳಾಸವೂ ಅದರೊಳಗೆ ಇರಬೇಕು, ಇಲ್ಲವಾದರೆ ಇನ್ನೊಬ್ಬರು ಆ ಹ್ಯಾಶನ್ನೇ ನಕಲು ಮಾಡಿ ಕಳಿಸಿ, ನೀವು ಬಿಚ್ಚಿದಾಗ ತಾವೂ ಬಿಚ್ಚುತ್ತಾರೆ. ಬಿಚ್ಚದೆ ಸುಮ್ಮನಾದವರ ಠೇವಣಿ ಹೋಗಬೇಕು, ಆ ಠೇವಣಿ ಸುಮ್ಮನಾಗುವುದರಿಂದ ಸಿಗುವ ಲಾಭಕ್ಕಿಂತ ದೊಡ್ಡದಿರಬೇಕು.

ಉಳಿದದ್ದು ಸಮಾನ ಕೂಗು. ಬಿಟ್ಟುಕೊಡುವ ಮೊತ್ತಕ್ಕೆ ಕಾಯ್ದೆಯಲ್ಲಿ ಮಿತಿಯಿದೆ, ಮೊದಲ ತಿಂಗಳುಗಳಲ್ಲಿ ತುರ್ತಿರುವವರೆಲ್ಲ ಆ ಮಿತಿಯ ತನಕ ಕೂಗುವುದು ಸಾಮಾನ್ಯ. ಕರಡು ಕೋಡಿನಲ್ಲಿ ಮೊದಲು ಬಂದವರಿಗೆ ಎಂದಿತ್ತು. ನೋಂದಾಯಿತ ಚೀಟಿಗಳ ಹರಾಜು ಬಹಳ ಕಾಲ ನಡೆಸಿ ನಿವೃತ್ತರಾದ ಶಿವಾಜಿನಗರದ ಹಿರಿಯರೊಬ್ಬರನ್ನು ಕೇಳಿದೆ: “ಇಬ್ಬರೂ ಒಂದೇ ಮೊತ್ತ ಕೂಗಿದ್ರೆ ಏನ್ ಮಾಡ್ತಿದ್ರಿ ಸಾರ್?”

“ಲಾಟರಿ ಎತ್ತಿಸ್ತಿದ್ವಿ ನೋಡಮ್ಮ, ಕಾಯ್ದೆನೂ ಅದನ್ನೇ ಹೇಳೋದು. ಮೊದಲು ಕೂಗಿದೋರಿಗೆ ಅಂದ್ಬಿಟ್ರೆ ಬಾಯಿ ಜೋರಿರೋರಿಗೇ ಪ್ರತಿ ಸಲ ಹೋಗುತ್ತೆ. ಹಿಂದೆ ಕೂತಿರೋ ಹೆಣ್ಮಗಳು ಏನ್ ಮಾಡ್ಬೇಕು?”

ನನ್ನ ಕೆಲಸದ ಬಗ್ಗೆ ಇಷ್ಟು ಸ್ಪಷ್ಟವಾದ ಮಾತನ್ನು ನಾನು ಯಾವ ತಾಂತ್ರಿಕ ಸಭೆಯಲ್ಲೂ ಕೇಳಿಲ್ಲ.

ತಾಲ್ಲೂಕು ಕಚೇರಿಯಲ್ಲಿ ಕಂಡ ಸರದಿ

ಅದೇ ದಿನಗಳಲ್ಲಿ ಜಮೀನಿನ ಕಾಗದಕ್ಕಾಗಿ ಅಪ್ಪನ ಜೊತೆ ಕೆ.ಆರ್. ಪುರದಲ್ಲಿರುವ ಬೆಂಗಳೂರು ಪೂರ್ವ ತಾಲ್ಲೂಕು ಕಚೇರಿಗೆ ಓಡಾಡುತ್ತಿದ್ದೆ. ಸರದಿಯನ್ನು ಕೋಡಿನಲ್ಲಿ ಬರೆದ ಕರ್ನಾಟಕದ ದೊಡ್ಡ ಪ್ರಯೋಗ ಅಲ್ಲಿಯೇ ಇದೆ: ‘ಭೂಮಿ’. ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಮ್ಯುಟೇಷನ್ ಅರ್ಜಿಗಳಿಗೆ ಒಂದು ನಿಯಮ ಹಾಕಿದರು. ಮೊದಲು ಬಂದದ್ದು ಮೊದಲು ವಿಲೇವಾರಿಯಾಗಬೇಕು. ಬೆರಳಚ್ಚು ಕೊಟ್ಟು ಒಳಬರುವ ಸಿಬ್ಬಂದಿ ತಮಗೆ ಬೇಕಾದ ಅರ್ಜಿಯನ್ನು ನಡುವಿನಿಂದ ಎತ್ತಿಕೊಳ್ಳುವಂತಿರಲಿಲ್ಲ. ಕಡತ ಮುಂದೆ ತಳ್ಳಲು ಕೈ ಬಿಸಿ ಮಾಡಬೇಕಿದ್ದ ರೈತನಿಗೆ ಇದು ದೊಡ್ಡ ರಕ್ಷೆ. ಆದರೆ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ, ಈ ಗಣಕೀಕರಣದಿಂದ ಬೆಂಗಳೂರಿನ ಸುತ್ತ ದೊಡ್ಡ ಜಮೀನು ವ್ಯವಹಾರದವರಿಗೇ ಹೆಚ್ಚು ಅನುಕೂಲವಾಯಿತು ಎಂದು ವಾದಿಸಿದರು. ಎರಡನ್ನೂ ಒಟ್ಟಿಗಿಟ್ಟು ಓದಬೇಕು. ಸರದಿ ನ್ಯಾಯವಾಗಿದ್ದರೂ ದಾಖಲೆಯನ್ನು ಬೇಗ ಓದಿ ಬೇಗ ಹೆಜ್ಜೆ ಇಡಬಲ್ಲವರಿಗೆ ಮೇಲುಗೈ ಇದ್ದೇ ಇರುತ್ತದೆ. ಮೆಂಪೂಲ್ ಕೂಡ ಎಲ್ಲರಿಗೂ ತೆರೆದಿದೆ. ಅದನ್ನು ಮಿಲಿಸೆಕೆಂಡಿನಲ್ಲಿ ಓದಬಲ್ಲವರು ಕೆಲವರೇ.

ಯಾವುದು ಮೊದಲು ಎಂಬುದಕ್ಕೆ ನೋಂದಣಿ ಕಾನೂನು ಇನ್ನೊಂದು ದಾರಿ ಹಿಡಿದಿದೆ. 1908ರ ನೋಂದಣಿ ಕಾಯ್ದೆಯ 47ನೇ ಕಲಮಿನಂತೆ ನೋಂದಾಯಿತ ಪತ್ರ ಜಾರಿಗೆ ಬರುವುದು ಬರೆದುಕೊಟ್ಟ ಹೊತ್ತಿನಿಂದ, ನೋಂದಣಿಯಾದ ಹೊತ್ತಿನಿಂದಲ್ಲ. ನೋಂದಣಿಗೆ ಹಾಜರುಪಡಿಸಲು ನಾಲ್ಕು ತಿಂಗಳಿದೆ. ಅಂದರೆ ಮೊದಲು ಸಹಿಯಾದ ಕ್ರಯಪತ್ರ ತಡವಾಗಿ ನೋಂದಣಿಯಾದರೂ ಗೆಲ್ಲಬಹುದು. ಆ ನಡುವೆ ಋಣಭಾರ ಪತ್ರ ತೆಗೆಸಿದವರಿಗೆ ಅದು ಕಾಣುವುದೇ ಇಲ್ಲ. ಬ್ಲಾಕ್‌ಚೈನಿನಲ್ಲಿ ಈ ಕತ್ತಲೆ ಇಲ್ಲ, ಬ್ಲಾಕಿನಲ್ಲಿ ಇರುವುದಷ್ಟೇ ಸತ್ಯ. ಆದರೆ ಸಹಿ ಹಾಕಿದ ಹೊತ್ತಿಗೆ ಅಲ್ಲಿ ಯಾವ ರಕ್ಷಣೆಯೂ ಇಲ್ಲ. ಯಾವ ದಾರಿಗೂ ತನ್ನದೇ ಬೆಲೆ ಇದೆ, ಆ ಬೆಲೆ ಯಾರ ತಲೆಗೆ ಬೀಳುತ್ತದೆ ಎಂದು ವಿನ್ಯಾಸ ಮಾಡುವವರು ಮೊದಲೇ ಕೇಳಿಕೊಳ್ಳಬೇಕು.

ಮೊದಲು ಬಂದವರಿಗೆ ಮೊದಲು ಎಂಬ ನಿಯಮವನ್ನೇ ಬ್ಲಾಕ್‌ಚೈನಿಗೆ ತಂದರೆ ಆಗದೇ? ಆರ್ಬಿಟ್ರಮ್ ಜಾಲ ಅದನ್ನು ಮಾಡಿತ್ತು. ಆಗ ಪೈಪೋಟಿ ಶುಲ್ಕದಿಂದ ವೇಗಕ್ಕೆ ತಿರುಗಿತು. ಕೊನೆಗೆ 2025ರ ಏಪ್ರಿಲ್‌ನಲ್ಲಿ ಟೈಮ್‌ಬೂಸ್ಟ್ ಎಂಬ ವ್ಯವಸ್ಥೆ ತಂದು ಬೇಗ ಹೋಗುವ ಹಕ್ಕನ್ನೇ ಹರಾಜಿಗಿಟ್ಟರು, ಉಳಿದವರ ವ್ಯವಹಾರ 200 ಮಿಲಿಸೆಕೆಂಡು ಹಿಂದೆ. ತಾಲ್ಲೂಕು ಕಚೇರಿಗೆ ನಡೆದು ಬರುವ ಜನರ ನಡುವೆ ನ್ಯಾಯವಾದ ನಿಯಮ ಯಂತ್ರಗಳ ಓಟದಲ್ಲಿ ನ್ಯಾಯವಾಗಿ ಉಳಿಯುವುದಿಲ್ಲ.

ಹಾಗಾಗಿ ನಮ್ಮ ಚೀಟಿ ಕೋಡಿನಲ್ಲಿ ಸರದಿಗೆ ಬೆಲೆಯೇ ಇಲ್ಲದಂತೆ ಮಾಡಿದೆವು. ಒಂದು ಹಂತದೊಳಗೆ ಯಾರು ಯಾವಾಗ ಬಂದರೂ ಒಂದೇ. ಸಮಾನ ಕೂಗಿಗೆ ಲಾಟರಿ. ಅದರ ಅಂಕಿಯನ್ನು ಬ್ಲಾಕಿನ ಯಾದೃಚ್ಛಿಕ ಸಂಖ್ಯೆಯೊಂದರಿಂದಲೇ ತೆಗೆದರೆ ಬ್ಲಾಕ್ ಪ್ರಸ್ತಾಪಿಸುವವರು ತಮಗೆ ಬೇಡವಾದ ಬ್ಲಾಕನ್ನು ಬಿಟ್ಟು ಫಲಿತಾಂಶ ಬಾಗಿಸಬಹುದು. ಸದಸ್ಯರು ಬಿಚ್ಚಿದ ಗುಟ್ಟಿನ ಸಂಖ್ಯೆಗಳನ್ನೂ ಅದಕ್ಕೆ ಬೆರೆಸಿ ಆ ದಾರಿಯನ್ನು ಕಿರಿದು ಮಾಡಿದೆವು.

ಈ ಕೆಲಸಕ್ಕೆ ಈಗಷ್ಟೇ ಬರುತ್ತಿರುವ ನಮ್ಮ ಊರಿನ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟು. ಕೋಡಿನ ಮೊದಲ ಸಾಲು ಬರೆಯುವ ಮುನ್ನ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆಯಿರಿ: ನಾವು ಇಟ್ಟುಕೊಳ್ಳುವ ವಿವರ ಇವು, ಇಷ್ಟನ್ನು ಇಡಲು ಕಾರಣ ಇದು, ಇಬ್ಬರು ಒಟ್ಟಿಗೆ ಬಂದರೆ ತೀರ್ಮಾನ ಹೀಗೆ. ಆ ಹಾಳೆಯನ್ನು ಹಣ ಹಾಕುವವರ ಮುಂದೆ ಓದಿ. ಅವರಿಗೆ ಅರ್ಥವಾಗದಿದ್ದರೆ, ಅಥವಾ ಅದು ಅನ್ಯಾಯ ಎನ್ನಿಸಿದರೆ, ಕೋಡು ಇನ್ನೂ ಸಿದ್ಧವಾಗಿಲ್ಲ.